ಆಷಾಢದ ತನಿಖೆ

ನಾನು ಹುಟ್ಟಾ ಅಂಜುಬುರುಕ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದೆಲ್ಲ ಸುಲಭ. ಖಾಕಿ ಬಟ್ಟೆ ಕಂಡರೆ, ಅದು ಪೋಸ್ಟ್‌ಮ್ಯಾನ್ ತೊಟ್ಟದ್ದಾದರೂ ಸರಿ, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾಯಮಾನ ನನ್ನದು. ಅಂಥವನು ಹೋಗಿ ಹೋಗಿ ಉಗಾಂಡಾ ದೇಶದ ಹುಡುಗಿಯನ್ನು ಮದುವೆಯಾದೆ. ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ತುಮಕೂರಿನ ಪೊಲೀಸ್ ಕಚೇರಿಯ ವರಾಂಡದಲ್ಲಿ ಬೆವರಿದಷ್ಟು ಬಿಸಿಲಲ್ಲೂ ಬೆವರಿಲ್ಲ.

ಅವಳು ಸ್ಕಾಲರ್‌ಶಿಪ್ ಮೇಲೆ ಬೆಂಗಳೂರಿಗೆ ಕೃಷಿ ಓದಲು ಬಂದವಳು. ನಾನು ಅದೇ ಕಾಲೇಜಿನಲ್ಲಿ ಹಿಂದಿನ ಬೆಂಚು. ಮಣ್ಣಿನ ಪಾಠ ಅವಳು ಹೇಳಿಕೊಡದಿದ್ದರೆ ನಾನು ಪಾಸಾಗುತ್ತಿರಲಿಲ್ಲ. ಪಾಸಾದ ಮೇಲೆ ಒಂದು ಬಿತ್ತನೆ ಬೀಜದ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಸ್ಕೂಟರಿನಲ್ಲಿ ಗುಬ್ಬಿ, ಕುಣಿಗಲ್ ಕಡೆಯ ಗೊಬ್ಬರದಂಗಡಿಗಳನ್ನು ಸುತ್ತುವುದು, ಸಂಜೆ ಉಪ್ಪಾರಹಳ್ಳಿಯ ಬಾಡಿಗೆ ಮನೆಗೆ ಮರಳುವುದು. ಅಪ್ಪ ತೀರಿಕೊಂಡಿದ್ದರು. ಗುಬ್ಬಿ ಹತ್ತಿರದ ತೆಂಗಿನ ತೋಟವನ್ನು ಅಣ್ಣ ನೋಡಿಕೊಳ್ಳುತ್ತಿದ್ದ. ಅವ್ವ ನನ್ನ ಜೊತೆಗಿದ್ದಳು. ಅವಳಿಗೆ ವಿಷಯ ಹೇಳಲು ನಾನು ತೆಗೆದುಕೊಂಡ ಕಾಲದಲ್ಲಿ ಒಂದು ತೆಂಗಿನ ಸಸಿ ಫಲ ಬಿಡಬಹುದಿತ್ತು.

ಕೊನೆಗೆ ಹೇಳುವ ಬದಲು ಕರೆದುಕೊಂಡೇ ಬಂದೆ. ಅಕ್ಕಪಕ್ಕದವರು ಸಕ್ಕರೆ ಕೇಳುವ ನೆಪದಲ್ಲಿ ಬಂದು ಇಣುಕಿ ಹೋದರು. ಮಧ್ಯಾಹ್ನ ಅವ್ವ ಹೆಣ್ಣಿಗೆ ಅನ್ನ ಇಟ್ಟು ನನಗೆ ಮುದ್ದೆ ಇಟ್ಟಳು. ಅವಳು ನನ್ನ ತಟ್ಟೆಯ ಮುದ್ದೆ ತನಗೂ ಬೇಕೆಂದು ಕೈಸನ್ನೆ ಮಾಡಿದಳು. ಕೊಟ್ಟಾಗ ಬೆರಳಿಂದ ಮುರಿದು, ಹೆಬ್ಬೆಟ್ಟಿನಿಂದ ಗುಳಿ ಮಾಡಿ, ಬಸ್ಸಾರಿನಲ್ಲಿ ಅದ್ದಿ ನುಂಗಿದಳು. ಅವರ ಊರಲ್ಲೂ ರಾಗಿ ಬೆಳೆಯುತ್ತಾರೆ, ಹಿಟ್ಟು ತೊಳಸಿ ಉಣ್ಣುತ್ತಾರೆ ಎಂದು ನಾನು ವಿವರಿಸಿದೆ. ಅವ್ವ ನನ್ನ ಮಾತು ಕೇಳುತ್ತಿರಲಿಲ್ಲ, ಅವಳು ಉಣ್ಣುವುದನ್ನೇ ನೋಡುತ್ತಿದ್ದಳು. ಆಮೇಲೆ ಇನ್ನೊಂದು ಮುದ್ದೆ ತಂದು ಅವಳ ತಟ್ಟೆಗೆ ಇಟ್ಟಳು. ನನಗೆ ಅಂದು ಅನ್ನವೇ ಗತಿಯಾಯಿತು.

ಮದುವೆಯನ್ನು ಬೆಂಗಳೂರಿನಲ್ಲಿ ರಿಜಿಸ್ಟರ್ ಮಾಡಿಸಿದೆವು. ಅದನ್ನು ಅವ್ವ ಮದುವೆ ಎಂದು ಒಪ್ಪಲಿಲ್ಲ. ದೇವರಾಯನದುರ್ಗದಲ್ಲಿ ಧಾರೆಯಾಗಬೇಕು ಎಂದಳು. ಧಾರೆ ಎರೆಯಲು ಹೆಣ್ಣಿನ ಕಡೆಯವರು ಬೇಕಲ್ಲ? ನನ್ನ ಚಿಕ್ಕಮ್ಮ ತಾನು ಎರೆಯುತ್ತೇನೆ ಎಂದು ಮುಂದೆ ಬಂದಳು. ಅವ್ವ ಗದರಿದಳು. ಚಿಕ್ಕಮ್ಮನ ಮಗಳೆಂದರೆ ನನಗೆ ತಂಗಿಯಾಗುತ್ತಾಳೆ, ವರಸೆ ಕೆಡುತ್ತದೆ. ಕೊನೆಗೆ ಕುಣಿಗಲ್ಲಿನಲ್ಲಿದ್ದ ನನ್ನ ಸೋದರತ್ತೆ, ಅಪ್ಪನ ತಂಗಿ, ಮಾವನ ಜೊತೆ ಕೂತು ಧಾರೆ ಎರೆದಳು. ಸೋದರತ್ತೆಯ ಮಗಳನ್ನು ತರುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದೇ. ಹೀಗೆ ಉಗಾಂಡಾದ ಹುಡುಗಿಗೆ ಕುಣಿಗಲ್ಲಿನಲ್ಲೊಂದು ತವರುಮನೆ ಹುಟ್ಟಿತು. ಗಂಡುಮಕ್ಕಳನ್ನಷ್ಟೇ ಹೆತ್ತಿದ್ದ ಅತ್ತೆಗೆ ಆ ವಯಸ್ಸಿನಲ್ಲಿ ಮಗಳು ಸಿಕ್ಕಿದ ಸಡಗರ. ಅಂದಿನಿಂದ ಇವಳು ಅತ್ತೆಯನ್ನು ಅವ್ವ ಎಂದೂ ನನ್ನ ಅವ್ವನನ್ನು ಅತ್ತೆ ಎಂದೂ ಕರೆಯತೊಡಗಿದಳು. ನನಗೇ ಆಗಾಗ ಗೊಂದಲವಾಗುತ್ತಿತ್ತು, ಅವಳಿಗೆ ಒಮ್ಮೆಯೂ ಆಗಲಿಲ್ಲ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಅವಳದು ವಿದ್ಯಾರ್ಥಿ ವೀಸಾ. ಓದು ಮುಗಿಯಿತು, ವೀಸಾ ಮುಗಿಯುವ ದಿನ ಹತ್ತಿರ ಬರುತ್ತಿತ್ತು. ಮದುವೆಯಾದ ಮಾತ್ರಕ್ಕೆ ಈ ದೇಶದಲ್ಲಿ ಉಳಿಯಬಹುದು ಎಂದುಕೊಂಡಿದ್ದ ನನಗೆ ಪೊಲೀಸ್ ಕಚೇರಿಯ ವಿದೇಶಿಯರ ಶಾಖೆಯ ಗುಮಾಸ್ತರು ಕೂರಿಸಿಕೊಂಡು ತಿಳಿಹೇಳಿದರು. ಇನ್ನೊಂದು ಕೋರ್ಸಿಗೆ ಸೇರಿದರೆ ವಿದ್ಯಾರ್ಥಿಯಾಗಿಯೇ ಉಳಿಯಬಹುದು, ಆದರೆ ಅದು ಮುಗಿದ ದಿನ ಮತ್ತೆ ಇದೇ ಬೆಂಚು. ಅವಳ ದೇಶಕ್ಕೆ ಹಿಂತಿರುಗಿ, ಅಲ್ಲಿನ ನಮ್ಮ ರಾಯಭಾರ ಕಚೇರಿಯಲ್ಲಿ ಹೆಂಡತಿ ಎಂದು ಹೇಳಿಕೊಂಡು ಹೊಸ ವೀಸಾ ಕೇಳಬಹುದು, ಅವರು ಯಾವಾಗ ಕೊಡುತ್ತಾರೋ, ಕೊಡುತ್ತಾರೋ ಇಲ್ಲವೋ. ಇಲ್ಲವೇ ನಾನೇ ಅಲ್ಲಿಗೆ ಹೋಗಿ ಅವಳ ಗಂಡನಾಗಿ ಇರಲು ಅಲ್ಲಿನ ಸರ್ಕಾರವನ್ನು ಕೇಳಿಕೊಳ್ಳಬೇಕು. ಇದ್ಯಾವುದೂ ಬೇಡವೆಂದರೆ ಇಲ್ಲಿದ್ದುಕೊಂಡೇ ವೀಸಾ ಬದಲಾಯಿಸಿಕೊಡಿ ಎಂದು ದೆಹಲಿಗೆ ಅರ್ಜಿ ಹಾಕಬೇಕು. ದೆಹಲಿಯವರು ಇಲ್ಲಿನ ಪೊಲೀಸರನ್ನು ಕೇಳುತ್ತಾರೆ. ಗಂಡ ಹೆಂಡತಿ ಒಂದೇ ಸೂರಿನಡಿ ಬಾಳುತ್ತಿದ್ದಾರೆ, ಮದುವೆ ಬರೀ ಕಾಗದದ್ದಲ್ಲ ಎಂದು ಪೊಲೀಸರು ಬರೆದರೆ ಆಯಿತು. ಬರೆಯದಿದ್ದರೆ ದೇಶ ಬಿಡಿ ಎಂಬ ನೋಟೀಸು ಬರುತ್ತದೆ.

ನಾವು ಕೊನೆಯದನ್ನೇ ಆರಿಸಿಕೊಂಡೆವು. ಪಾಸ್‌ಪೋರ್ಟು ಅರ್ಜಿಯ ಜೊತೆ ಹೋಯಿತು. ವಿಳಾಸ ಬದಲಾದರೆ ಕೂಡಲೇ ತಿಳಿಸಿ ಎಂದು ಗುಮಾಸ್ತರು ಎಚ್ಚರಿಸಿದರು. ನಾನು ಎಲ್ಲದಕ್ಕೂ ತಲೆಯಾಡಿಸಿದೆ. ಅಂದಿನಿಂದ ನನಗೆ ಸರಿಯಾಗಿ ಊಟ ಸೇರಲಿಲ್ಲ. ಬೀದಿಯಲ್ಲಿ ಜೀಪಿನ ಸದ್ದಾದರೆ ಬಾಗಿಲ ಸಂದಿಯಿಂದ ಇಣುಕಿ ನೋಡುತ್ತಿದ್ದೆ.

ಅವಳ ಭಯ ಬೇರೆ ಥರದ್ದು. ನನ್ನದು ಪುಕ್ಕಲನ ಭಯ, ಅವಳದು ಕಣ್ಣಾರೆ ಕಂಡವಳ ಭಯ. ಅವಳ ಬಾಲ್ಯದಲ್ಲಿ ಅವಳ ಊರಿಗೆ ಸಮವಸ್ತ್ರದವರು ಬಂದರೆ ಮನೆಯಿಂದ ಯಾರಾದರೊಬ್ಬರು ಕಾಣೆಯಾಗುತ್ತಿದ್ದರಂತೆ. ಬೂಟಿನ ಸದ್ದು ಕೇಳಿದರೆ ಮಕ್ಕಳೆಲ್ಲ ಧಾನ್ಯದ ಮೂಟೆಗಳ ಹಿಂದೆ ಅಡಗಬೇಕು ಎಂದು ಅವಳ ತಾಯಿ ಕಲಿಸಿದ್ದರು. ಇದನ್ನು ಅವಳು ನನಗೆ ಒಂದೇ ಸಲ ಹೇಳಿದ್ದು. ಎರಡನೇ ಸಲ ಕೇಳುವ ಧೈರ್ಯ ನನಗೂ ಬರಲಿಲ್ಲ.

ಅಷ್ಟರಲ್ಲಿ ಆಷಾಢ ಬಂತು.

ಮದುವೆಯಾದ ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು, ಒಬ್ಬರ ಮುಖ ಒಬ್ಬರು ನೋಡಬಾರದು. ನೋಡಿದರೆ ಇಬ್ಬರಿಗೂ ಏನೂ ಆಗುವುದಿಲ್ಲ, ಅವರ ಮಧ್ಯೆ ಇರುವವನಿಗೆ ಕೇಡು ಎಂದು ನಮ್ಮ ಕಡೆಯ ನಂಬಿಕೆ. ಮಧ್ಯೆ ಇರುವವನು ನಾನೇ. ನಮ್ಮೂರಲ್ಲಿ ಹೀಗೆ ದಾಟಿದ ಮನೆಗಳ ಕತೆಗಳು ಅವ್ವನ ಬಳಿ ಬೇಕಾದಷ್ಟಿದ್ದವು. ಒಬ್ಬ ಬಾವಿಗೆ ಜಾರಿದ, ಇನ್ನೊಬ್ಬ ತೆಂಗಿನ ಮರದಿಂದ ಬಿದ್ದ. ಅವ್ವ ಪೊಲೀಸರಿಗೆ ಹೆದರದವಳು, ಹಾವಿಗೆ ಹೆದರದವಳು. ಆಷಾಢಕ್ಕೆ ಮಾತ್ರ ಹೆದರುತ್ತಿದ್ದಳು.

“ಹೆಣ್ಣುನ ತವರಿಗೆ ಬುಟ್ಟು ಬಾ ಕಣ್ಲಾ,” ಎಂದಳು.

ಆಷಾಢಕ್ಕೆ ತವರಿಗೆ ಹೋಗುವುದು ವಿಳಾಸ ಬದಲಾಯಿಸಿದಂತೆ ಎಂದು ಯಾರಿಗಾದರೂ ಹೊಳೆಯುತ್ತದೆಯೇ? ಗುಬ್ಬಿ ತಾಲ್ಲೂಕಿನ ಅಷ್ಟೂ ಹೊಸ ಸೊಸೆಯರು ಆ ತಿಂಗಳು ತವರಿಗೆ ಹೋಗಿರುತ್ತಾರೆ. ಯಾರಾದರೂ ಪೊಲೀಸರಿಗೆ ಹೇಳಿ ಹೋಗುತ್ತಾರೆಯೇ? ಅತ್ತೆಯೇ ಬಸ್ಸಿನಲ್ಲಿ ಬಂದು, ಮಗಳಿಗೆ ಹೊಸ ಬಳೆ ತೊಡಿಸಿ, ಕರೆದುಕೊಂಡು ಹೋದಳು. ಬಸ್ಸಿನ ಕಿಟಕಿಯಲ್ಲಿ ಅವಳು ನಗುತ್ತಿದ್ದಳು. ತನಗೂ ಒಂದು ತವರಿದೆ ಎಂಬ ಹೆಮ್ಮೆ ಆ ನಗುವಿನಲ್ಲಿತ್ತು. ನನಗೂ ಆ ಹೊತ್ತಿನಲ್ಲಿ ಖುಷಿಯೇ ಆಗಿತ್ತು.

ಹೆದರುವವರ ಮೇಲೆ ಹಾವೆಸೆದರಂತೆ. ಅದೇ ವಾರ ಪೊಲೀಸ್ ಪೇದೆ ಉಪ್ಪಾರಹಳ್ಳಿಯ ಮನೆಗೆ ತನಿಖೆಗೆ ಬಂದ. ನಾನು ಗುಬ್ಬಿಯಲ್ಲಿದ್ದೆ. ಅವ್ವ ಅವನನ್ನು ಕೂರಿಸಿ, ಮಜ್ಜಿಗೆ ಕೊಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಸೊಸೆ ಇಲ್ಲಿಲ್ಲ, ಕುಣಿಗಲ್ಲಿನಲ್ಲಿ ತವರಿನಲ್ಲಿದ್ದಾಳೆ, ಆಷಾಢ ಕಳೆಯುವವರೆಗೆ ಬರುವುದಿಲ್ಲ, ಗಂಡನೂ ಹೋಗಿ ನೋಡುವ ಹಾಗಿಲ್ಲ. ಪೇದೆ ಮಜ್ಜಿಗೆ ಕುಡಿದು, ಅವಳ ಸೀರೆ ಬಟ್ಟೆ ಎಲ್ಲಿವೆ ಎಂದು ಕೇಳಿದ. ಅದನ್ನೂ ತೆಗೆದುಕೊಂಡು ಹೋಗಿದ್ದಾಳೆ ಎಂದಳಂತೆ. ಹೇಳಿದ ಪ್ರತಿ ಮಾತೂ ನಿಜ. ಒಟ್ಟು ಸೇರಿಸಿ ಬರೆದರೆ ಗಂಡ ಹೆಂಡತಿ ಬೇರೆಯಾಗಿದ್ದಾರೆ ಎಂದೇ ಅರ್ಥ.

ಸಂಜೆ ಅವ್ವ ಇದನ್ನು ನನಗೆ ಹೇಳಿದಳು. ಬೆಳಗಾಗುತ್ತಲೇ ಕುಣಿಗಲ್ಲಿಗೆ ಓಡಿದೆ. ತವರಿನ ಬಾಗಿಲಿಗೆ ಅಳಿಯ ಆಷಾಢದಲ್ಲಿ ಹೋಗಬಾರದು, ಅದಕ್ಕೇ ಕೆರೆ ಏರಿಯ ಮೇಲೆ ನಿಂತು ಮಾವನಿಗೆ ಹೇಳಿಕಳಿಸಿದೆ. ಮಾವ ಬಂದರು. ಮುಖ ನೋಡಿದರೆ ಅಲ್ಲೂ ಏನೋ ನಡೆದಿದೆ ಎಂದು ಗೊತ್ತಾಗುತ್ತಿತ್ತು. ಹಿಂದಿನ ಸಂಜೆಯೇ ತುಮಕೂರಿನಿಂದ ಫೋನು ಬಂದು, ಕುಣಿಗಲ್ಲಿನ ಪೊಲೀಸರೊಬ್ಬರು ಅವರ ಮನೆಗೆ ಹೋಗಿದ್ದರು. ನಿಮ್ಮ ಮನೆಯಲ್ಲಿ ವಿದೇಶಿಯರು ಯಾರಾದರೂ ಇದ್ದಾರೆಯೇ ಎಂದು ಕೇಳಿದರಂತೆ. ಅತ್ತೆ ಹೊಸ್ತಿಲಿಗೆ ಅಡ್ಡ ನಿಂತು ಹೇಳಿದ್ದನ್ನು ಮಾವ ಹಾಗೇ ನನಗೆ ಒಪ್ಪಿಸಿದರು.

“ಇಲ್ಲಿ ಯಾವ ಫಾರಿನ್‌ನೋರೂ ಇಲ್ಲ ಕಣಪ್ಪ. ಇರೋಳು ನನ್ ಮಗ್ಳು.”

ಅತ್ತೆಗೆ ಅದು ಸುಳ್ಳಲ್ಲ. ಅಗ್ನಿಸಾಕ್ಷಿಯಾಗಿ, ನೀರು ಬಿಟ್ಟು, ಧಾರೆ ಎರೆದ ಮಗಳು. ಆದರೆ ಒಳಗೆ ಬೂಟಿನ ಸದ್ದು ಕೇಳಿದ ನನ್ನ ಹೆಂಡತಿ ಓಡಿಹೋಗಿ ರಾಗಿ ಮೂಟೆಗಳ ಹಿಂದೆ ಕುಳಿತಿದ್ದಳು. ಪೊಲೀಸಿನವರು ಒಳಹೊಕ್ಕು ಅವಳನ್ನು ಅಲ್ಲಿ ಕಂಡರು. ಎಬ್ಬಿಸಿದಾಗ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಎದ್ದಳಂತೆ. ಬಂದವರೇ ಗಾಬರಿಯಾಗಿ ನೀರು ಕೊಡಿ ಎಂದರಂತೆ. ಪಾಪ, ಒಳ್ಳೆಯ ಮನುಷ್ಯ. ಆದರೂ ಕಂಡದ್ದನ್ನು ಬರೆಯದೆ ಬಿಡುವ ಹಾಗಿರಲಿಲ್ಲ. ವಿದೇಶಿ ಮಹಿಳೆ ನೋಂದಾಯಿಸಿದ ವಿಳಾಸದಲ್ಲಿಲ್ಲ, ಗಂಡನ ಜೊತೆಯಲ್ಲಿಲ್ಲ, ಬೇರೊಂದು ಮನೆಯಲ್ಲಿ ಅಡಗಿಸಿಟ್ಟಿದ್ದರು, ಮನೆಯವರು ಇಲ್ಲವೆಂದರು.

ಏರಿಯ ಮೇಲೆ ನಿಂತಿದ್ದ ನನಗೆ ಆ ಕ್ಷಣ ಆಷಾಢದ ಮೇಲೆ, ಅವ್ವನ ಮೇಲೆ, ಅತ್ತೆಯ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಇವರೆಲ್ಲ ಪ್ರೀತಿ ಮಾಡಿ ಮಾಡಿಯೇ ನನ್ನ ಹೆಂಡತಿಯನ್ನು ದೇಶದಿಂದ ಆಚೆ ಹಾಕಿಸುತ್ತಾರೆ ಅನ್ನಿಸಿತು. ಅವಳನ್ನು ಒಮ್ಮೆ ನೋಡಿ ಧೈರ್ಯ ಹೇಳಬೇಕು ಎನ್ನಿಸಿದರೂ ಆ ಬಾಗಿಲಿಗೆ ನಾನೂ ಹೋಗಲಿಲ್ಲ. ಬೈಯುತ್ತಿದ್ದವನಿಗೂ ಒಳಗೊಳಗೇ ನಂಬಿಕೆಯಿತ್ತು ನೋಡಿ.

ಕೆಲವೇ ದಿನದಲ್ಲಿ ಕಚೇರಿಯಿಂದ ಕರೆ ಬಂತು. ನಾನು, ಹೆಂಡತಿ, ನನ್ನ ತಾಯಿ, ಕುಣಿಗಲ್ಲಿನವರು, ಎಲ್ಲರೂ ಹಾಜರಾಗಿ ಹೇಳಿಕೆ ಕೊಡಬೇಕು. ಗೊತ್ತಿದ್ದ ವಕೀಲರೊಬ್ಬರನ್ನು ಕೇಳಿದೆ. ಅವರು ಕಾಗದ ಓದಿ, ಕನ್ನಡಕ ತೆಗೆದು, ನೋಟೀಸು ಬರುವ ಮೊದಲು ತಾನಾಗಿಯೇ ಹೊರಟುಹೋದರೆ ಮುಂದೆ ಎಂದಾದರೂ ವೀಸಾ ಸಿಗುವ ಆಸೆಯಾದರೂ ಇರುತ್ತದೆ ಎಂದರು. ಆ ‘ಎಂದಾದರೂ’ ಎಂಬ ಮಾತು ನನ್ನನ್ನು ಬಿಡಲಿಲ್ಲ. ಅವಳಿಲ್ಲದ ಮನೆಯನ್ನು ಊಹಿಸಿಕೊಳ್ಳಲು ಹೋಗಿ ಅರ್ಧಕ್ಕೇ ನಿಲ್ಲಿಸಿಬಿಡುತ್ತಿದ್ದೆ.

ಹಾಜರಾಗಬೇಕಿದ್ದ ದಿನ ಮುಂಜಾನೆಯೇ ಅತ್ತೆ ಮಾವ ಅವಳನ್ನು ಕುಣಿಗಲ್ಲಿನಿಂದ ಕರೆತಂದು ಇನ್‌ಸ್ಪೆಕ್ಟರ ಕೋಣೆಯ ಬೆಂಚಿನ ಮೇಲೆ ಕೂತಿದ್ದರು. ಅವಳು ತೀರ ಸೊರಗಿದ್ದಳು. ನಾನು ಅವ್ವನನ್ನು ಕರೆದುಕೊಂಡು ಹೋದೆ. ಅವ್ವ ವರಾಂಡದವರೆಗೆ ಬಂದವಳು ಅಲ್ಲೇ ನಿಂತಳು. ಸೆರಗನ್ನು ತಲೆಯ ಮೇಲೆಳೆದುಕೊಂಡು ಗೋಡೆಯ ಕಡೆ ತಿರುಗಿಬಿಟ್ಟಳು. ಒಳಗೆ ಸೊಸೆ ಇದ್ದಾಳೆ, ನಾನು ಆ ಹೊಸ್ತಿಲು ದಾಟಲಾರೆ, ಇಲ್ಲಿಂದಲೇ ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ ಎಂದಳು.

ಇನ್‌ಸ್ಪೆಕ್ಟರು ವಯಸ್ಸಾದವರು, ಸಮಾಧಾನದ ಮನುಷ್ಯ. ನಮ್ಮೆಲ್ಲರ ಮಾತನ್ನೂ ಕೇಳಿಸಿಕೊಂಡರು. ಆಷಾಢದ ಪದ್ಧತಿಯನ್ನು ನಾನು ವಿವರಿಸಲು ಹೊರಟರೆ ಕೈಯೆತ್ತಿ ತಡೆದರು.

“ಆಷಾಢ ಏನು ಅಂತ ನಂಗೊತ್ತಿಲ್ವೇನಪ್ಪ? ನನ್ ಸೊಸೇನೂ ತವರಲ್ಲೇ ಅವ್ಳೆ. ಆದ್ರೆ ದೆಹಲಿಯೋರಿಗೆ ಗೊತ್ತಿಲ್ಲ. ನಾನು ಕಣ್ಣಾರೆ ಕಂಡಿದ್ನ ಬರೀಬೇಕು. ಈಗ ಕಾಣ್ತಿರೋದೇನು? ಸೊಸೆ ಇರೋ ರೂಮಿಗೆ ಅತ್ತೆ ಕಾಲಿಡಲ್ಲ. ಇವ್ರು ಒಂದೇ ಮನೇಲಿ ಬಾಳ್ತಾರೆ ಅಂತ ಹೆಂಗ್ ಬರೀಲಿ?”

ಅವರು ಹೇಳಿದ್ದರಲ್ಲಿ ತಪ್ಪೇನಿತ್ತು? ನಾನು ಬಾಗಿಲಲ್ಲಿ ನಿಂತಿದ್ದೆ. ಈ ಕಡೆ ಅವ್ವನ ಬೆನ್ನು, ಆ ಕಡೆ ಹೆಂಡತಿಯ ಮುಖ. ಅವ್ವನಿಗೆ ಬಾ ಎನ್ನಲೂ ಬಾಯಿ ಬರಲಿಲ್ಲ, ಬೇಡ ಎನ್ನಲೂ ಬರಲಿಲ್ಲ. ಬಾ ಎಂದರೆ ಹೋಗುವುದು ನನ್ನ ಪ್ರಾಣ, ಬೇಡ ಎಂದರೆ ಇವಳು. ಮೂಢನಂಬಿಕೆ ಎಂದು ಕಾಲೇಜಿನಲ್ಲಿ ಭಾಷಣ ಮಾಡಿದ್ದವನು ನಾನು. ಆ ಹೊಸ್ತಿಲ ಮೇಲೆ ಆ ಭಾಷಣದ ಒಂದು ಪದವೂ ನೆನಪಾಗಲಿಲ್ಲ. 

ಆಗ ನನ್ನ ಹೆಂಡತಿ ಎದ್ದು ನಿಂತಳು. ಖಾಕಿಯವರ ಎದುರು ಅವಳು ಬಾಯಿಬಿಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು. ಅವ್ವನಿಂದ ಕಲಿತ ಗುಬ್ಬಿ ಸೀಮೆಯ ಕನ್ನಡದಲ್ಲಿ ಹೇಳಿದಳು.

“ಅತ್ತೆನ ಬಲವಂತ ಮಾಡ್ಬ್ಯಾಡಿ ಸಾ. ಅವ್ರಿಗೆ ಭಯ ಐತೆ. ಭಯ ಅಂದ್ರೆ ಏನು ಅಂತ ನಂಗೊತ್ತು. ನೀವು ಏನ್ ಬೇಕಾದ್ರೂ ಬರ್ಕಳಿ, ನಾನು ಹೋಯ್ತೀನಿ.”

ಗುಮಾಸ್ತರು ಬರೆಯುತ್ತಿದ್ದ ಪೆನ್ನು ನಿಂತಿತು. ಅವಳು ನಿಜಕ್ಕೂ ಹೋಗಲು ಸಿದ್ಧಳಾಗಿದ್ದಾಳೆ ಎಂದು ತಿಳಿದು ನನಗೆ ಅಳು ಬಂತು. ಅಷ್ಟು ಜನರ ಮುಂದೆ, ದೊಡ್ಡ ಗಂಡಸು ನಾನು ಅತ್ತುಬಿಟ್ಟೆ.

ಹಿಂದಿನಿಂದ ಯಾರೋ ನನ್ನನ್ನು ಪಕ್ಕಕ್ಕೆ ಸರಿಸಿದರು. ಅವ್ವ. ಸೆರಗು ತಲೆಯಿಂದ ಜಾರಿತ್ತು. ಹೊಸ್ತಿಲ ಮುಂದೆ ಅರೆಗಳಿಗೆ ನಿಂತು, ಕಣ್ಣು ಮುಚ್ಚಿ, ದುರ್ಗದ ಸ್ವಾಮಿಯ ಹೆಸರು ಹೇಳಿ ಬಲಗಾಲಿಟ್ಟು ಒಳಗೆ ಬಂದಳು. ನೇರ ಸೊಸೆಯ ಹತ್ತಿರ ಹೋಗಿ, ಅವಳ ಮುಖ ನೋಡಿ, ಬಳೆಗಳ ಮೇಲೆಯೇ ಮುಂಗೈ ಹಿಡಿದುಕೊಂಡಳು. ಮತ್ತೆ ಇನ್‌ಸ್ಪೆಕ್ಟರ ಕಡೆ ತಿರುಗಿದಳು.

“ಆಗೋದು ನನ್ ಮಗಂಗೆ ಆಗ್ಲಿ ಸ್ವಾಮಿ. ಇವ್ಳ್ನ ಮಾತ್ರ ಕಳಿಸ್ಬ್ಯಾಡಿ.”

ಬೆಂಚಿನ ಮೇಲಿದ್ದ ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ನನ್ನ ಕಡೆ ನೋಡಿದಳು. ಎಲ್ಲರೂ ನನ್ನ ಕಡೆಯೇ ನೋಡಿದರು, ನಾನು ಆಗಲೇ ಬಿದ್ದು ಸಾಯುತ್ತೇನೇನೋ ಎಂಬ ಹಾಗೆ. ಇನ್‌ಸ್ಪೆಕ್ಟರು ಕುರ್ಚಿ ಎಳೆದುಕೊಂಡು ತಾವೇ ಬರೆಯತೊಡಗಿದರು. ಸೊಸೆಯನ್ನು ಮನೆತನದವರು ಒಪ್ಪಿ ನಡೆಸಿಕೊಳ್ಳುತ್ತಿದ್ದಾರೆ, ಸಂಪ್ರದಾಯದಂತೆ ತಾತ್ಕಾಲಿಕವಾಗಿ ತವರಿಗೆ ಹೋಗಿದ್ದಾರೆ, ದಾಂಪತ್ಯ ಸರಿಯಾಗಿದೆ ಎಂದು ಓದಿ ಹೇಳಿ ಎಲ್ಲರಿಂದ ಸಹಿ ಹಾಕಿಸಿಕೊಂಡರು. ಅವ್ವ ಸೊಸೆಯ ಕೈ ಬಿಡದೆ ಎಡಗೈಯಲ್ಲೇ ಹೆಬ್ಬೆಟ್ಟು ಒತ್ತಿದಳು.

ಹೊರಡುವಾಗ ಅವರು ನನ್ನೊಬ್ಬನನ್ನೇ ಹಿಂದಕ್ಕೆ ಕರೆದರು. ದೆಹಲಿಯಿಂದ ಬಹುಶಃ ತೊಂದರೆಯಾಗುವುದಿಲ್ಲ, ಆದರೆ ಒಂದು ಮಾತು ತಿಳಿದಿರಲಿ ಎಂದರು. ಈ ವೀಸಾ ಕೊಡುವುದು ನಿಮ್ಮ ಹೆಂಡತಿ ಎಂಬ ಕಾರಣಕ್ಕೆ ಮಾತ್ರ. ನೀವು ಇರುವವರೆಗೆ ಅವರು ಇಲ್ಲಿರುತ್ತಾರೆ. ನಿಮಗೇನಾದರೂ ಹೆಚ್ಚುಕಡಿಮೆಯಾದರೆ ಇದು ನಿಲ್ಲುವುದು ಕಷ್ಟ, ಅವರನ್ನು ವಾಪಸು ಕಳಿಸಬೇಕಾಗಬಹುದು. ಸ್ಕೂಟರಿನಲ್ಲಿ ಹುಷಾರಾಗಿ ಓಡಾಡಿ ಎಂದು ಬೆನ್ನು ತಟ್ಟಿದರು. ಅವರು ಒಳ್ಳೆಯದಕ್ಕೇ ಹೇಳಿದ್ದು. ಆದರೆ ಕಚೇರಿಯ ಮೆಟ್ಟಿಲಿಳಿಯುವಾಗ ನಾನು ಪಕ್ಕದ ಕಂಬಿ ಹಿಡಿದುಕೊಂಡು ಇಳಿದೆ.

ಅವಳು ಅತ್ತೆ ಮಾವನ ಜೊತೆ ಮತ್ತೆ ಕುಣಿಗಲ್ಲಿಗೆ ಹೋದಳು. ಆಷಾಢದ ಉಳಿದ ದಿನಗಳು ನಮ್ಮ ಮನೆಯಲ್ಲಿ ಹೇಗೆ ಕಳೆದವು ಎಂದು ಈಗ ನೆನೆದರೆ ನಗು ಬರುತ್ತದೆ, ಆಗ ಬರುತ್ತಿರಲಿಲ್ಲ. ಅವ್ವ ಸ್ಕೂಟರಿನ ಕೀ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಗುಬ್ಬಿಗೆ ಬಸ್ಸಿನಲ್ಲಿ ಹೋಗು, ಅದರಲ್ಲೂ ಕಿಟಕಿ ಪಕ್ಕ ಕೂರಬೇಡ ಎಂದಳು. ತೆಂಗಿನ ತೋಟದ ಕಡೆ ತಲೆ ಹಾಕಿಯೂ ಮಲಗಬಾರದು ಎಂದಳು. ನನಗೊಂದು ಕೆಮ್ಮು ಬಂದರೆ ಅವಳ ಮುಖ ಬಿಳಿಚಿಕೊಳ್ಳುತ್ತಿತ್ತು. ಎಂದೂ ಯಾವುದಕ್ಕೂ ಅಳುಕದವಳು ನಾನು ಬಚ್ಚಲಿಂದ ಬರುವುದು ತಡವಾದರೆ ಬಾಗಿಲು ಬಡಿಯುತ್ತಿದ್ದಳು. ನಾನೂ ಅವಳ ಮಾತನ್ನು ಚಾಚೂ ತಪ್ಪದೆ ಪಾಲಿಸಿದೆ. ಅವ್ವ ಒಂದು ಕಾರಣಕ್ಕೆ ಹೆದರುತ್ತಿದ್ದಳು. ಇನ್‌ಸ್ಪೆಕ್ಟರ ಮಾತು ಕೇಳಿದ್ದರಿಂದ ನನಗೆ ಎರಡು ಕಾರಣವಿತ್ತು.

ಶ್ರಾವಣದಲ್ಲಿ ಅತ್ತೆ ಮಗಳಿಗೆ ಮಡಿಲಕ್ಕಿ ತುಂಬಿ ಕಳಿಸಿಕೊಟ್ಟಳು. ದೆಹಲಿಯ ಒಪ್ಪಿಗೆ ದೀಪಾವಳಿ ಕಳೆದ ಮೇಲೆ ಬಂತು. ಆಮೇಲೆ ವರ್ಷ ವರ್ಷವೂ ಅದೇ ಕಚೇರಿ, ಅದೇ ಬೆಂಚು, ಗಂಡ ಹೆಂಡತಿ ಒಟ್ಟಿಗೆ ಹಾಜರಿ. ಪ್ರತಿ ಸಲವೂ ಹಿಂದಿನ ವಾರದಿಂದ ನನಗೆ ನಿದ್ದೆ ಬರುತ್ತಿರಲಿಲ್ಲ. ಎರಡು ಸಾವಿರನೇ ಇಸವಿಯ ನಂತರ ಭಾರತೀಯರನ್ನು ಮದುವೆಯಾದ ವಿದೇಶಿಯರಿಗೂ ಹಲವು ವರ್ಷ ಇಲ್ಲಿ ಉಳಿಯಬಹುದಾದ ಕಾರ್ಡು ಕೊಡತೊಡಗಿದರು, ವರ್ಷ ವರ್ಷ ಕೇಳಿಕೊಳ್ಳುವುದು ತಪ್ಪಿತು.

ಕಾರ್ಡು ಕೈಗೆ ಬಂದ ದಿನ ಮಧ್ಯಾಹ್ನ ಅವ್ವ, ಸೊಸೆ ಇಬ್ಬರೂ ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದರು. ನಾನು ಹೊರಗೆ ಪೇಪರು ಓದುತ್ತಿದ್ದೆ. ಇಷ್ಟು ವರ್ಷ ಕೇಳದೆ ಉಳಿದದ್ದನ್ನು ನನ್ನ ಹೆಂಡತಿ ಅಂದು ಕೇಳಿದಳು. ಅಂದು ನೀವು ಹೊಸ್ತಿಲು ದಾಟಿದಿರಲ್ಲ, ನಿಮ್ಮ ಮಗನಿಗೆ ನಿಜವಾಗಿಯೂ ಏನಾದರೂ ಆಗಿಬಿಟ್ಟಿದ್ದರೆ?

ಅವ್ವ ತಡಮಾಡದೆ ಉತ್ತರ ಕೊಟ್ಟಳು, ಎಂದೋ ಯೋಚಿಸಿ ಮುಗಿಸಿದ್ದಳು ಅಂತ ಕಾಣುತ್ತದೆ.

“ಅವ್ನಿಗೇನಾರ ಆಗಿದ್ರೆ ಅಳಕ್ಕೆ ನಾವಿಬ್ರೂ ಇರ್ತಿದ್ವಿ ಕಣವ್ವ. ನಿನ್ನೇ ಕಳಿಸ್ಬುಟ್ಟಿದ್ರೆ ನಾನು ಯಾರ್ ಜೊತೆ ಅಳ್ಲಿ?”

ಇಬ್ಬರೂ ನಕ್ಕರು. ನಾನು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡೆ. ನಾನು ಸತ್ತಿದ್ದರೆ ಸೊಸೆಯನ್ನೂ ಕಳಿಸಿಬಿಡುತ್ತಿದ್ದರು, ಅವ್ವ ಒಬ್ಬಳೇ ಕೂತು ಅಳಬೇಕಾಗುತ್ತಿತ್ತು ಎಂಬುದನ್ನು ನಾನು ಅವಳಿಗೆ ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.